ಮೂರನೆಯವರಿಗೆ ಜಾಗವಿಲ್ಲ

ಕಾರು ಎಂದರೆ ನಮ್ಮ ಕಡೆ ಎಲ್ಲರನ್ನೂ ಹಿಡಿಸಿಕೊಳ್ಳುವ ವಸ್ತು. ನಾನು ಚಿಕ್ಕವಳಿದ್ದಾಗ ಧರ್ಮಸ್ಥಳಕ್ಕೆ ಹೋಗಬೇಕೆಂದರೆ ತೀರ್ಥಹಳ್ಳಿಯಿಂದ ಬಾಡಿಗೆಯ ಅಂಬಾಸಿಡರ್ ಬರುತ್ತಿತ್ತು. ಮುಂದೆ ಡ್ರೈವರೂ ಸೇರಿ ನಾಲ್ವರು, ಹಿಂದೆ ಐವರು ದೊಡ್ಡವರು, ಅವರ ತೊಡೆಯ ಮೇಲೆ ನಾವು ಮಕ್ಕಳು, ನಮ್ಮ ತೊಡೆಯ ಮೇಲೆ ಬುತ್ತಿಯ ಡಬ್ಬಿ. ಹೊರಡುವ ಹೊತ್ತಿಗೆ ಪಕ್ಕದ ಮನೆಯ ಅಜ್ಜಿ "ನಾನೊಬ್ಬಳು ಎಲ್ಲಾದರೂ ಮುದುರಿಕೊಳ್ತೇನೆ" ಎಂದು ಬಂದರೆ ಆಕೆಗೂ ಜಾಗವಾಗುತ್ತಿತ್ತು. ಹೀಗೆ ಬೆಳೆದವಳಿಗೆ, ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಹೊರಗೆ ಮಗಳು "ಅಮ್ಮ, ನನ್ನ ಕಾರಲ್ಲಿ ಒಬ್ಬರು ಮಾತ್ರ ಬರಬಹುದು. ಅಪ್ಪನೂ ಪೆಟ್ಟಿಗೆಗಳೂ ನನ್ನ ಸ್ನೇಹಿತೆಯ ಕಾರಲ್ಲಿ ಬರಲಿ" ಎಂದಾಗ ಮೊದಲಿಗೆ ಅರ್ಥವೇ ಆಗಲಿಲ್ಲ.

ಬೇಸಿಗೆ ರಜೆಯಲ್ಲಿ ನಾನೂ ನಮ್ಮವರೂ ಮಗಳ ಮನೆಗೆ ಹೋಗಿದ್ದೆವು. ಅವಳು ಕ್ಯಾಲಿಫೋರ್ನಿಯಾದ ಸನ್ನಿವೇಲ್ ಎಂಬಲ್ಲಿದ್ದಾಳೆ. ಅವಳ ಕಾರು ಮಜ್ದಾ ಮಿಯಾಟಾ. ಎರಡೇ ಸೀಟಿನ ಸ್ಪೋರ್ಟ್ಸ್ ಕಾರು, ಬಟ್ಟೆಯ ಮಾಡು, ಕೆಂಪು ಬಣ್ಣ. 1995ರಲ್ಲಿ ತಯಾರಾದದ್ದು, ಅಂದರೆ ಮಗಳಿಗಿಂತ ಒಂದು ವರ್ಷ ದೊಡ್ಡದು. ಮುಂದಿನ ದೀಪಗಳು ಹಗಲಲ್ಲಿ ಮುಚ್ಚಿಕೊಂಡು ಮಲಗಿರುತ್ತವೆ. ಸ್ವಿಚ್ ಒತ್ತಿದರೆ ಮಳೆಗಾಲದ ಕಪ್ಪೆಯ ಕಣ್ಣಿನಂತೆ ಮೇಲೆದ್ದು ಬರುತ್ತವೆ. ನಾನು ಕಾರಿನ ಸುತ್ತ ಒಂದು ಸುತ್ತು ಬಂದೆ. ಅದು ನನ್ನ ಸೊಂಟಕ್ಕಿಂತ ಸ್ವಲ್ಪವೇ ಎತ್ತರ ಇತ್ತು. "ಇದರಲ್ಲಿ ಕೂರೋದು ಹೇಗೆ?" ಎಂದೆ. "ಕೂರೋದಲ್ಲಮ್ಮ, ಇಳಿಯೋದು" ಎಂದಳು.

ನಿಜ, ಅದರೊಳಗೆ ಇಳಿಯಬೇಕು. ಮೊದಲು ಬೆನ್ನನ್ನು ಒಳಗೆ ಹಾಕಿ, ಸೀರೆಯ ನೆರಿಗೆ ಹಿಡಿದುಕೊಂಡು, ಆಮೇಲೆ ಕಾಲುಗಳನ್ನು ಒಂದೊಂದಾಗಿ ಎಳೆದುಕೊಳ್ಳಬೇಕು. ಕೂತ ಮೇಲೆ ನೆಲದ ಮೇಲೆ ಚಾಪೆ ಹಾಸಿ ಊಟಕ್ಕೆ ಕೂತ ಹಾಗಿರುತ್ತದೆ. ಹೊರಗೆ ಬರುವುದು ಇನ್ನೂ ಕಷ್ಟ. ಐವತ್ತೈದರ ಮಂಡಿ ಒಪ್ಪುವುದಿಲ್ಲ. ಮಗಳು ಪ್ರತಿಸಲವೂ ಬಂದು ಕೈಕೊಟ್ಟು ಎಬ್ಬಿಸುತ್ತಿದ್ದಳು.

ಊರಿಗೆ ಫೋನ್ ಮಾಡಿ "ಮಗಳ ಹತ್ತಿರ ಸ್ಪೋರ್ಟ್ಸ್ ಕಾರಿದೆ" ಎಂದರೆ ನನ್ನ ತಂಗಿ ಅವಳು ಕೋಟ್ಯಧೀಶೆಯಾದಳು ಎಂದುಕೊಂಡಳು. ನಿಜವೆಂದರೆ ಆ ಕಾರಿನ ಬೆಲೆ ಅವಳ ಮೂರು ತಿಂಗಳ ಮನೆ ಬಾಡಿಗೆಗಿಂತ ಕಡಿಮೆ. ವೇಗದ ವಿಷಯದಲ್ಲೂ ಹಾಗೆಯೇ. 1.8 ಲೀಟರ್ ಎಂಜಿನ್, ಸುಮಾರು 128 ಅಶ್ವಶಕ್ತಿ. ನಮ್ಮ ಶಿವಮೊಗ್ಗದ ಬೀದಿಯಲ್ಲಿ ಈಗ ಓಡಾಡುವ ಎಷ್ಟೋ ಕಾರುಗಳಿಗೆ ಇದಕ್ಕೆ ಹತ್ತಿರದ ಶಕ್ತಿಯಿದೆ.

ಹಾಗಾದರೆ ಇದರಲ್ಲೇನಿದೆ? ನಾನು ಅಲ್ಲಿದ್ದ ಆರು ವಾರಗಳಲ್ಲಿ ಕಂಡದ್ದು ಬರೀ ತೊಂದರೆ. ಮಗಳು ದಿನಾ ಇದರಲ್ಲೇ ಆಫೀಸಿಗೆ ಹೋಗುತ್ತಾಳೆ. ಹೆದ್ದಾರಿಗೆ ಬಂದರೆ ಗಾಳಿಯ ಸದ್ದಿಗೆ ಮಾತು ಕೇಳಿಸದು. ಪಕ್ಕದಲ್ಲಿ ಲಾರಿ ಬಂದರೆ ಅದರ ಚಕ್ರ ನನ್ನ ತಲೆಯ ಮಟ್ಟದಲ್ಲಿ ತಿರುಗುತ್ತಿರುತ್ತದೆ. ಅದರ ಡ್ರೈವರಿಗೆ ನಾವು ಕಾಣುತ್ತೇವೋ ಇಲ್ಲವೋ ಎಂದು ನಾನು ರಾಘವೇಂದ್ರ ಸ್ವಾಮಿಗಳನ್ನು ನೆನೆಯುತ್ತಿದ್ದೆ. ಸಂಜೆ ಹಿಂದಿನಿಂದ ಬರುವ ದೊಡ್ಡ ಗಾಡಿಗಳ ದೀಪ ನೇರ ಕನ್ನಡಿಗೇ ಹೊಡೆಯುತ್ತದೆ. ಅಲ್ಲಿ ಹೆಚ್ಚಿನವರದು ತಾನಾಗಿ ಗೇರ್ ಬದಲಾಯಿಸಿಕೊಳ್ಳುವ ಕಾರು. ಇವಳು ಮಾತ್ರ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದು ತುಳಿದು ಮನೆಗೆ ಬಂದು ಎಡಗಾಲು ನೀವಿಕೊಳ್ಳುತ್ತಾಳೆ. ಮಾಡು ಮಡಿಸುವ ಮೊದಲು ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ಪನ್ನು ನೆನಪಿಟ್ಟು ಬಿಚ್ಚಬೇಕು, ಇಲ್ಲವಾದರೆ ಅದು ಸುಕ್ಕಾಗಿ ಒಡೆಯುತ್ತದೆ. ಒಂದು ದಿನ ಮಳೆ ಬಂದು ಕಾಲಡಿಯ ಕಾರ್ಪೆಟ್ಟು ಒದ್ದೆಯಾಯಿತು. ಮಾಡಿನ ನೀರು ಇಳಿದುಹೋಗಲು ಸೀಟಿನ ಹಿಂದೆ ಎರಡು ತೂತುಗಳಿವೆಯಂತೆ. ಅದರಲ್ಲಿ ಎಲೆ ಕಟ್ಟಿಕೊಂಡಿತ್ತು. ನಮ್ಮ ಹಳೆಯ ಹೆಂಚಿನ ಮನೆಯ ದೋಣಿಯಲ್ಲಿ ಕಸ ಕಟ್ಟಿದರೆ ಜಗಲಿಗೆ ನೀರು ಬರುತ್ತಿತ್ತಲ್ಲ, ಅದೇ ಕಥೆ. ಸಾಮಾನು ತರಲು ಹೋದರೆ ಅಕ್ಕಿಚೀಲ ಹಿಂದೆ, ತರಕಾರಿ ನನ್ನ ತೊಡೆಯ ಮೇಲೆ, ಹಾಲಿನ ಕ್ಯಾನು ಕಾಲ ಸಂದಿಯಲ್ಲಿ.

ಒಂದು ದಿನ ನಾನು ತಡೆಯಲಾರದೆ ಕೇಳಿಯೇಬಿಟ್ಟೆ. "ಇದು ನಿನಗೆ ಯಾತಕ್ಕೆ ಬೇಕೇ? ಇದೇ ದುಡ್ಡಿಗೆ ನಾಲ್ಕು ಜನ ಕೂರುವ ಕಾರು ಬರ್ತಿರಲಿಲ್ವಾ?"

"ಬರ್ತಿತ್ತು."

"ಮತ್ತೆ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಇದು ಬೇಕು ಅಂತೇನಿಲ್ಲಮ್ಮ. ಇಷ್ಟ."

ಮೂವತ್ತು ವರ್ಷದಿಂದ ಮಕ್ಕಳಿಗೆ ಸಮಾಜ ವಿಜ್ಞಾನ ಕಲಿಸುತ್ತಿರುವವಳು ನಾನು. ಮನುಷ್ಯನ ಬಯಕೆಗಳನ್ನು ಮೂರು ಗುಂಪು ಮಾಡಿ ಬೋರ್ಡಿನ ಮೇಲೆ ಬರೆಯುತ್ತೇನೆ: ಅವಶ್ಯಕತೆಗಳು, ಸೌಕರ್ಯಗಳು, ವಿಲಾಸಗಳು. ಅನ್ನ, ಬಟ್ಟೆ, ಮನೆ ಮೊದಲನೆಯದು. ಫ್ಯಾನು, ಸೈಕಲ್ಲು ಎರಡನೆಯದು. ಕಾರು, ವಜ್ರದ ಓಲೆ ಮೂರನೆಯದು. ಮೇಲಿನಿಂದ ಕೆಳಕ್ಕೆ ಬಂದ ಹಾಗೆ ನನ್ನ ಧ್ವನಿಯಲ್ಲಿ ಸ್ವಲ್ಪ ತಿರಸ್ಕಾರವೂ ಸೇರುತ್ತದೆಂದು ಈಗ ತೋರುತ್ತದೆ. ಮಗಳ ಕಾರು ಮೂರನೆಯ ಗುಂಪಿನದು ಎಂದು ಬರೆದು ಮುಗಿಸಬಹುದಿತ್ತು. ಆದರೆ ವಿಲಾಸ ಎಂದರೆ ಮೈಗೆ ಸುಖ ಕೊಡಬೇಕಲ್ಲ? ಇದು ಬೆನ್ನು ನೋಯಿಸುತ್ತದೆ, ಮಳೆಯಲ್ಲಿ ನೆನೆಸುತ್ತದೆ. ನಾಲ್ಕು ಜನರ ಮುಂದೆ ದೊಡ್ಡಸ್ತಿಕೆಗೂ ಬರುವುದಿಲ್ಲ; ಅವಳ ಸಹೋದ್ಯೋಗಿಗಳ ಕಾರುಗಳ ಪಕ್ಕ ಇದು ಆಟದ ಸಾಮಾನಿನಂತೆ ಕಾಣುತ್ತಿತ್ತು. ಯಾವ ಗುಂಪಿಗೂ ಸೇರದ ಈ "ಇಷ್ಟ"ವನ್ನು ಎಲ್ಲಿ ಬರೆಯುವುದು?

ಒಂದು ಭಾನುವಾರ ಬೆಳಿಗ್ಗೆ ಅವಳು ನನ್ನನ್ನು ಸಾರಾಟೋಗಾ ಎಂಬ ಊರಿನಿಂದ ಬೆಟ್ಟ ಹತ್ತುವ ಒಂಬತ್ತನೇ ನಂಬರಿನ ರಸ್ತೆಗೆ ಕರೆದುಕೊಂಡು ಹೋದಳು. ಮೇಲೆ ಸ್ಕೈಲೈನ್ ರಸ್ತೆ ಸೇರುವವರೆಗೂ ತಿರುವಿನ ಮೇಲೆ ತಿರುವು, ಎರಡೂ ಕಡೆ ಆಕಾಶಕ್ಕೆ ನಿಂತ ಮರಗಳು. ಮಾಡು ತೆಗೆದಿದ್ದಳು. ಒದ್ದೆ ಮಣ್ಣಿನ ವಾಸನೆ, ಎಲೆಗಳ ನಡುವಿನಿಂದ ತೊಡೆಯ ಮೇಲೆ ಬಿದ್ದು ಓಡುವ ಬಿಸಿಲು, ಎಲ್ಲೋ ಹಕ್ಕಿಯ ಕೂಗು. ಮುಳ್ಳು ನೋಡಿದೆ. ಗಂಟೆಗೆ ಐವತ್ತು ಕಿಲೋಮೀಟರಿನಷ್ಟೂ ಇರಲಿಲ್ಲ. ಆದರೂ ನೆಲಕ್ಕೆ ಅಷ್ಟು ಹತ್ತಿರ ಕೂತವಳಿಗೆ ಹಾರುತ್ತಿದ್ದೇವೆ ಅನ್ನಿಸುತ್ತಿತ್ತು.

ನಾನು ರಸ್ತೆ ನೋಡುವುದನ್ನು ಬಿಟ್ಟು ಮಗಳ ಮುಖ ನೋಡಿದೆ. ತಿರುವು ಬರುವ ಮೊದಲೇ ಅವಳ ಕಣ್ಣು ಅದರ ಆ ಕೊನೆಯಲ್ಲಿರುತ್ತಿತ್ತು. ಕೈ ಗೇರಿನ ಮೇಲೆ, ಕಾಲು ಕ್ಲಚ್ಚಿನ ಮೇಲೆ, ಒಂದಕ್ಕೊಂದು ಹೇಳಿಕೊಟ್ಟ ಹಾಗೆ. ಫೋನಿಲ್ಲ, ಹಾಡಿಲ್ಲ, ನಾಳಿನ ಮೀಟಿಂಗಿನ ಚಿಂತೆಯಿಲ್ಲ. ನನ್ನ ಅಜ್ಜಿ ನಸುಕಿನಲ್ಲಿ ಅಂಗಳದಲ್ಲಿ ಕೂತು ರಂಗೋಲಿಯ ಎಳೆ ಎಳೆಯುವಾಗ ಅವರ ಮುಖ ಹೀಗಿರುತ್ತಿತ್ತು. ಮಧ್ಯಾಹ್ನದೊಳಗೆ ಕೋಳಿಗಳು ಕೆದರಿ ಹಾಕುವ ರಂಗೋಲಿಗೆ ಅಷ್ಟು ಗಮನ ಏಕೆ ಎಂದು ಅವರನ್ನು ಯಾರೂ ಕೇಳಲಿಲ್ಲ.

ಮೇಲೆ ನಿಲ್ಲಿಸಿದಾಗ ಅವಳೇ ಹೇಳಿದಳು. 1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ, ಮಜ್ದಾ ಕಂಪನಿಯ ಕೆನಿಚಿ ಯಾಮಾಮೊಟೊ ಎಂಬ ಹಿರಿಯ ಎಂಜಿನಿಯರ್ ಮುಂದೆ ಕಪ್ಪುಹಲಗೆಯ ಮೇಲೆ ಗೀಚಿ ತೋರಿಸಿದನಂತೆ: ಹಗುರವಾದ, ಅಗ್ಗದ, ತೆರೆದ ಮಾಡಿನ ಸಣ್ಣ ಕಾರು ಈಗ ಯಾರೂ ಮಾಡುತ್ತಿಲ್ಲ, ನೀವು ಮಾಡಿ ಎಂದು. ಅದು ಹತ್ತು ವರ್ಷದ ಮೇಲೆ, 1989ರಲ್ಲಿ ಷಿಕಾಗೋದ ಪ್ರದರ್ಶನದಲ್ಲಿ ಹೊರಬಂತು. 2016ರ ಹೊತ್ತಿಗೆ ಹತ್ತು ಲಕ್ಷ ಕಾರುಗಳು ತಯಾರಾಗಿದ್ದವು. ಅದನ್ನು ಮಾಡಿದವರು ಇಟ್ಟುಕೊಂಡ ಮಾತು "ಜಿನ್ಬಾ ಇಟ್ಟಾಯ್". ಸವಾರ ಮತ್ತು ಕುದುರೆ ಒಂದೇ ಆಗುವುದು ಎಂದು ಅರ್ಥ. ಹತ್ತು ಲಕ್ಷ ಜನ ಬೇಡದ ವಸ್ತುವನ್ನು ಕೊಂಡರೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ನನಗೆ ಬೇರೊಂದು ಘಟ್ಟದ ರಸ್ತೆ ನೆನಪಾಗಿತ್ತು.

ನಮ್ಮವರ ಹತ್ತಿರ ಮದುವೆಗೆ ಮೊದಲೇ ಒಂದು ಯೆಜ್ದಿ ಇತ್ತು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಮೋಟರ್ ಸೈಕಲ್ಲು. ಎರಡು ಸೈಲೆನ್ಸರ್, ಡುಗುಡುಗು ಸದ್ದು, ಸುಟ್ಟ ಎಣ್ಣೆಯ ವಾಸನೆ. ಅದರ ಒಂದು ವಿಶೇಷವೆಂದರೆ ಕಿಕ್ಕಿಗೂ ಗೇರಿಗೂ ಒಂದೇ ಕಡ್ಡಿ. ಎಡಗಾಲಲ್ಲಿ ಒದ್ದು ಸ್ಟಾರ್ಟ್ ಮಾಡಿ, ಅದನ್ನೇ ಮುಂದಕ್ಕೆ ಬಾಗಿಸಿದರೆ ಗೇರಿನ ಕಡ್ಡಿ. 1993ರಲ್ಲಿ ಮದುವೆಯಾದ ಹೊಸದರಲ್ಲಿ ಅದರ ಮೇಲೆ ನಾವಿಬ್ಬರೂ ಆಗುಂಬೆ ಘಟ್ಟ ಇಳಿದು ಉಡುಪಿಗೆ ಹೋಗಿದ್ದೆವು. ಹದಿನಾಲ್ಕು ಹೇರ್‌ಪಿನ್ ತಿರುವು. ನಾನು ಕಣ್ಣು ಮುಚ್ಚಿ ಅವರ ಬೆನ್ನಿಗೆ ಮುಖ ಒತ್ತಿಕೊಂಡಿದ್ದೆ. ಅವರು ಮಾತ್ರ ಪ್ರತಿ ತಿರುವಿನಲ್ಲೂ ಸಣ್ಣಗೆ ಶಿಳ್ಳೆ ಹಾಕುತ್ತಿದ್ದರು.

ಮಗಳು ಹುಟ್ಟಿದಳು. ಸೈಟಿನ ಕಂತು ಶುರುವಾಯಿತು. ಯೆಜ್ದಿ ಪೆಟ್ರೋಲು ಕುಡಿಯುತ್ತಿತ್ತು. 1996ರಲ್ಲಿ ಕಾರ್ಖಾನೆಯೂ ಮುಚ್ಚಿತು. ಸ್ಕೂಟರಾದರೆ ಮಗುವನ್ನು ಮುಂದೆ ನಿಲ್ಲಿಸಿಕೊಳ್ಳಬಹುದು, ಚೀಲ ಇಡಬಹುದು, ನಾನು ಒಂದೇ ಕಡೆಗೆ ಕಾಲುಹಾಕಿ ನೆಮ್ಮದಿಯಾಗಿ ಕೂರಬಹುದು. ನಾನು ಒಂದು ವರ್ಷ ಬೆನ್ನು ಬಿದ್ದೆ. "ಅದು ಯಾತಕ್ಕೆ ಬೇಕು ರೀ? ಸಂಸಾರಸ್ಥರಿಗೆ ಶೋಕಿಯಾ?" ಎಂದೆ. ಅವರು ಒಂದು ದಿನ "ಆಗಲಿ ಮಾರಾಯ್ತಿ" ಎಂದರು. ಮರುದಿನ ಅದನ್ನು ತೊಳೆದು, ಸೈಲೆನ್ಸರ್ ಉಜ್ಜಿ ಹೊಳೆಸಿ, ಕೊಂಡವನ ಕೈಗೆ ಕೀಲಿಕೈ ಕೊಟ್ಟುಬಂದರು. ಆಮೇಲೆ ಒಂದು ದಿನವೂ ಆ ಮಾತೆತ್ತಲಿಲ್ಲ. ಭಾನುವಾರ ಬೆಳಿಗ್ಗೆ ಅದನ್ನು ಒರೆಸುತ್ತ ಕೂರುತ್ತಿದ್ದವರು ಪೇಪರ್ ಓದತೊಡಗಿದರು. ನಾನು ಗೆದ್ದೆನೆಂದುಕೊಂಡೆ. ಅವರು ಶಿಳ್ಳೆ ಹಾಕುವುದನ್ನು ಬಿಟ್ಟದ್ದು ಯಾವಾಗ ಎಂದು ನನಗೆ ಗೊತ್ತೇ ಆಗಲಿಲ್ಲ.

ಮುಂದಿನ ಭಾನುವಾರ ನನ್ನ ಸೀಟನ್ನು ಅವರಿಗೆ ಬಿಟ್ಟುಕೊಟ್ಟೆ. ಅಪ್ಪ ಮಗಳು ಎರಡು ಗಂಟೆ ಬಿಟ್ಟು ಬಂದರು. ಇವರ ಉಳಿದ ನಾಲ್ಕು ಕೂದಲೂ ನೆಟ್ಟಗೆ ನಿಂತಿದ್ದವು. ಕಾಫಿ ಕೊಟ್ಟು "ಹೇಗಿತ್ತು?" ಎಂದೆ. ಲೋಟ ನೋಡುತ್ತಲೇ ಅಂದರು: "ಅವಳು ಗೇರ್ ಬದಲಾಯಿಸಿದಾಗೆಲ್ಲ ನನ್ನ ಎಡಗಾಲು ತಾನಾಗಿ ಎದ್ದುಬಿಡ್ತಿತ್ತು ಕಣೇ."

ಅದರಲ್ಲಿ ದೂರಿರಲಿಲ್ಲ. ಇದ್ದಿದ್ದರೆ ನಾನು ಜಗಳವಾಡಿ ಗೆಲ್ಲಬಹುದಿತ್ತು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯೆಜ್ದಿ ಮಾರಿದ್ದು ತಪ್ಪೇ? ಲೆಕ್ಕ ಹಾಕಿದೆ. ಎಷ್ಟು ಸಲ ಹಾಕಿದರೂ ಮಾರಲೇಬೇಕಿತ್ತು. ದುಡ್ಡಿರಲಿಲ್ಲ, ಮೂರು ಜನ ಅದರ ಮೇಲೆ ಹಿಡಿಸುತ್ತಿರಲಿಲ್ಲ. ಹಾಗಾದರೆ ಎದೆಯಲ್ಲಿ ಚುಚ್ಚುತ್ತಿರುವುದೇನು? ನಿಧಾನವಾಗಿ ಹೊಳೆಯಿತು. ನಾನು "ಈಗ ನಮ್ಮ ಕೈಲಿ ಆಗುವುದಿಲ್ಲ" ಎನ್ನಲಿಲ್ಲ. "ಅದು ಬೇಡದ್ದು" ಎಂದೆ. ಆಗುವುದಿಲ್ಲ ಎಂದಿದ್ದರೆ ಅವರು ಬಿಟ್ಟದ್ದು ತ್ಯಾಗವಾಗುತ್ತಿತ್ತು. ಮನೆಗಾಗಿ ಒಂದು ದೊಡ್ಡದನ್ನು ಕೊಟ್ಟರೆಂದು ನಾನೂ ನೆನೆಯುತ್ತಿದ್ದೆ. ಬೇಡದ್ದು ಎಂದದ್ದರಿಂದ ಅವರು ಕೊಟ್ಟದ್ದು ಲೆಕ್ಕಕ್ಕೇ ಬರಲಿಲ್ಲ. ಶೋಕಿಯನ್ನು ಬಿಟ್ಟವನಿಗೆ ಯಾರು ತಾನೆ ಕೃತಜ್ಞರಾಗಿರುತ್ತಾರೆ?

ಇದನ್ನು ನಾನು ಅರಿಯದವಳೇನಲ್ಲ. ಹೈಸ್ಕೂಲಿನಲ್ಲಿ ನಾಲ್ಕು ವರ್ಷ ವೀಣೆ ಕಲಿತಿದ್ದೆ. ಬಿ.ಎಡ್.ಗೆ ಹೊರಟಾಗ ಅಪ್ಪಯ್ಯ "ಇನ್ನು ವೀಣೆ ಯಾತಕ್ಕೆ ಬೇಕು?" ಎಂದರು. ಅದು ಅತ್ತೆಯ ಮಗಳ ಮನೆಗೆ ಹೋಯಿತು. ಫೀಸಿಗೆ ದುಡ್ಡಿಲ್ಲ ಎಂದಿದ್ದರೆ ನಾನು ಅಳುತ್ತಿರಲಿಲ್ಲ. ನೀವೂ ನಿಮ್ಮ ನಿಮ್ಮ ಮನೆಗಳಲ್ಲಿ ಈ ಮಾತು ಕೇಳಿಯೇ ಇರುತ್ತೀರಿ: ಕಸೂತಿ ಯಾತಕ್ಕೆ, ಈ ವಯಸ್ಸಿನಲ್ಲಿ ಈಜು ಯಾತಕ್ಕೆ, ಎಂ.ಎ. ಕಟ್ಟಿ ಏನಾಗಬೇಕು. ಹಾಗೆ ಕೇಳಿಸಿಕೊಂಡ ನಾವೇ ಇನ್ನೊಬ್ಬರಿಗೆ ಅದೇ ಮಾತನ್ನು ಎಷ್ಟು ಸುಲಭವಾಗಿ ಆಡುತ್ತೇವೆ!

ಇಷ್ಟವಾದದ್ದೆಲ್ಲ ಸರಿ ಎಂದು ನಾನು ಹೇಳುತ್ತಿಲ್ಲ. ಅಪರಿಗ್ರಹವನ್ನು ವ್ರತ ಎಂದವರು ತಿಳಿಯದೆ ಹೇಳಲಿಲ್ಲ. ಒಬ್ಬರ ಇಷ್ಟಕ್ಕೆ ಇನ್ನೊಬ್ಬರ ಅನ್ನ ಹೋಗುವುದಾದರೆ ಅದನ್ನು ಬಿಡಬೇಕು. ಮೂರನೆಯವರಿಗೆ ಜಾಗವಿಲ್ಲದ ಬದುಕು ಒಳ್ಳೆಯದೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಮಗಳಿಗೂ ಹೇಳಿದೆ. "ಮಗು ಆದರೆ ಮಾರ್ತೀನಮ್ಮ" ಎಂದಳು. "ಮಾರುವಾಗ ಅಳು. ತಡೆದುಕೊಳ್ಳಬೇಡ" ಎಂದೆ. ಅವಳು ವಿಚಿತ್ರವಾಗಿ ನನ್ನ ಮುಖ ನೋಡಿದಳು. ಅವಳಿಗೆ ಸ್ಕೂಟರಿನ ಮುಂದೆ ನಿಂತು ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಹೋಗುತ್ತಿದ್ದದ್ದಷ್ಟೇ ನೆನಪು. ಆ ಸ್ಕೂಟರು ಎಲ್ಲಿಂದ ಬಂತೆಂದು ಅವಳಿಗೆ ಗೊತ್ತಿರಲಿಲ್ಲ. ಹೇಳಿದೆ.

ಊರಿಗೆ ಬಂದ ಮೇಲೆ ಒಂದು ಸಂಜೆ ಇವರಿಗೂ ಹೇಳಿದೆ. "ಆವತ್ತು ನಾನು ಶೋಕಿ ಅನ್ನಬಾರದಿತ್ತು ರೀ." ಅವರು ಪೇಪರ್ ಮಡಿಸಿದರು. "ಅದನ್ನೆಲ್ಲ ಈಗ ಯಾಕೆ ತೆಗೀತೀಯ" ಎಂದರು, ಆದರೆ ಎದ್ದುಹೋಗಲಿಲ್ಲ. 2022ರಿಂದ ಯೆಜ್ದಿ ಹೆಸರಿನ ಬೈಕು ಮತ್ತೆ ಬರುತ್ತಿದೆಯಲ್ಲ, ಸೈಟಿನ ಸಾಲವೂ ತೀರಿದೆ, ಅಂಗಡಿಗೆ ಹೋಗಿ ಒಂದು ಸಲ ನೋಡಿ ಬರೋಣವೇ ಎಂದೆ. ಹೋದೆವು. ಅವರು ಅದರ ಸುತ್ತ ಬಂದರು, ಟ್ಯಾಂಕಿನ ಮೇಲೆ ಕೈಯಾಡಿಸಿದರು, ಹತ್ತಿ ಕೂತರು, ಇಳಿಯುವಾಗ ನನ್ನ ಹೆಗಲು ಹಿಡಿದರು.

"ಚೆನ್ನಾಗಿದೆ. ಆದರೆ ಬೇಡ" ಎಂದರು.

ನನಗೆ ಗಾಬರಿಯಾಯಿತು. "ಈ ಸಲ ನಾನೇನೂ ಬೇಡ ಅನ್ನಲಿಲ್ಲ" ಎಂದೆ.

"ನೀನಲ್ಲ ಮಾರಾಯ್ತಿ, ಮಂಡಿ" ಎಂದರು. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಸಣ್ಣಗೆ ಶಿಳ್ಳೆ ಹಾಕುತ್ತಿದ್ದರು.