ಉಸಿರಿನ ಸದಾಚಾರ

ಮಠದ ಅಂಗಳದಲ್ಲಿ ಭಕ್ತನಾಗಿರುವದು ಸುಲಭ. ಅಲ್ಲಿ ಗುರುವಿನ ಸನ್ನಿಧಿಯಿದೆ, ಧೂಪದ ಪರಿಮಳವಿದೆ, ಸಹಭಕ್ತರ ನೋಟವಿದೆ. ಪೇಟೆಯಲ್ಲಿ ಬೇಳೆ ಬೆಲ್ಲಗಳನ್ನು ಕೊಳ್ಳುವ ಹೊತ್ತಿನಲ್ಲಿ ಭಕ್ತನಾಗಿ ಉಳಿಯುವದೇ ಕಠಿನವಾದುದು. ಹನ್ನೆರಡನೆಯ ಶತಮಾನದ ಶಿವಶರಣರು ಧರ್ಮವನ್ನು ಪೂಜೆಯ ಕೋಣೆಗೆ ಮಾತ್ರ ಸೀಮಿತಗೊಳಿಸದೆ, ಅಗಸನ ಕಲ್ಲಿಗೂ ಹಗ್ಗ ಹೊಸೆಯುವವನ ಕೈಗೂ ವ್ಯಾಪಾರಿಯ ತಕ್ಕಡಿಗೂ ಅದನ್ನು ವಿಸ್ತರಿಸಿದರು. ಕಾಯಕವು ಎಲ್ಲಿ ನಡೆಯುವದೋ ಅಲ್ಲಿಯೇ ಆಚಾರದ ಪರೀಕ್ಷೆಯೂ ನಡೆಯುವದೆಂಬುದು ಅವರ ನಿಲುವು. ಆದುದರಿಂದ ಪೇಟೆಯಲ್ಲಿ ಹುಟ್ಟಿದ ಪ್ರಶ್ನೆಯೊಂದು ಎಷ್ಟೇ ಸಣ್ಣದಾಗಿ ಕಂಡರೂ ಅದು ಧರ್ಮದ ಪ್ರಶ್ನೆಯೇ ಆಗಿರುತ್ತದೆ. ಸಾಂಕ್ರಾಮಿಕ ರೋಗವು ಹಬ್ಬಿರುವಾಗ ಸಾಮಾನು ತರಲು ಹೋಗುವ ಗೃಹಸ್ಥನು ಬಾಯಿ ಮೂಗುಗಳಿಗೆ ಗವಸು ಕಟ್ಟಿಕೊಳ್ಳಬೇಕೆ, ಬೇಡವೆ ಎಂಬುದು ಅಂಥ ಒಂದು ಪ್ರಶ್ನೆ.

ಈ ಪ್ರಶ್ನೆಯು ನಾಡಿನ ಮುಂದೆ ಹೇಗೆ ಬಂದಿತೆಂಬುದನ್ನು ಮೊದಲು ನೆನೆಯಬೇಕು. 2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ರೋಗವನ್ನು ಜಗದ್ವ್ಯಾಪಿ ಪಿಡುಗೆಂದು ಸಾರಿತು. ಅದೇ ವಾರದಲ್ಲಿ ಕಲಬುರಗಿಯ ವೃದ್ಧರೊಬ್ಬರ ಮರಣವು ಈ ರೋಗದಿಂದ ಭಾರತದಲ್ಲಿ ಆದ ಮೊದಲ ಮರಣವೆಂದು ದೃಢಪಟ್ಟಿತು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಮುಚ್ಚಿತು. ಏಪ್ರಿಲ್ ಮಧ್ಯದಲ್ಲಿ ಸಾರ್ವಜನಿಕ ಸ್ಥಳಗಳಲ್ಲಿ ಮುಖ ಮುಚ್ಚಿಕೊಳ್ಳುವದು ಕಡ್ಡಾಯವಾಯಿತು. ಮೇ ತಿಂಗಳ ಮೊದಲಲ್ಲಿ ಕೊಪ್ಪಳ ಜಿಲ್ಲೆಯು ಇನ್ನೂ ಹಸಿರು ವಲಯವೆಂಬ ಪಟ್ಟಿಯಲ್ಲಿಯೇ ಇದ್ದಿತು. 'ನಮ್ಮ ಕಡೆಗೆ ರೋಗವೇ ಇಲ್ಲ, ನಮಗೇಕೆ ಈ ಬಟ್ಟೆ' ಎಂಬ ಮಾತು ಆಗ ಅನೇಕರ ಬಾಯಲ್ಲಿ ಇದ್ದಿತು. ಕುಷ್ಟಗಿ ಯಲಬುರ್ಗಾಗಳ ಮಳೆಯಾಶ್ರಿತ ಊರುಗಳಿಂದ ಗೋವೆಗೂ ಮಂಗಳೂರಿಗೂ ಬೆಂಗಳೂರಿಗೂ ದುಡಿಯಲು ಹೋದವರು ತಮ್ಮ ಮನೆಗಳಿಗೆ ಹಿಂದಿರುಗಿದರು, ಗಂಗಾವತಿಯ ಅಕ್ಕಿಯನ್ನು ಹೊತ್ತ ಲಾರಿಗಳು ಊರೂರಿಗೆ ಓಡಾಡಿದವು, ರೋಗವೂ ಬಂದಿತು. ಅದನ್ನು ತಂದವರು ಯಾರೆಂದು ಬೆರಳು ತೋರಿಸುವದು ಆಗಲೂ ವ್ಯರ್ಥವಾಗಿದ್ದಿತು, ಈಗಲೂ ವ್ಯರ್ಥವೇ. ಗಾಳಿಗೆ ಊರ ಬಾಗಿಲು ತಿಳಿಯದು.

2021ರಲ್ಲಿ ಎರಡನೆಯ ಅಲೆಯೆದ್ದಾಗ ಏಪ್ರಿಲ್ 27ರಿಂದ ರಾಜ್ಯದಲ್ಲಿ ಮತ್ತೆ ನಿರ್ಬಂಧಗಳು ಬಂದವು. ಅವಶ್ಯಕ ಸಾಮಾನುಗಳ ಅಂಗಡಿಗಳು ಮುಂಜಾನೆ 6ರಿಂದ 10ರವರೆಗೆ ಮಾತ್ರ ತೆರೆದಿರುತ್ತಿದ್ದವು. ಹಿಡೀ ದಿನ ಚದರಿ ಬರುತ್ತಿದ್ದ ಗಿರಾಕಿಗಳು ಆ ನಾಲ್ಕು ತಾಸುಗಳಲ್ಲಿಯೇ ಒಟ್ಟಾಗಿ ಬರತೊಡಗಿದರು. ಅಂಥ ಮುಂಜಾವಿನ ಒಂದು ದೃಷ್ಟಾಂತವನ್ನು ಭಾವಿಸಿಕೊಳ್ಳಬಹುದು. ಕೊಪ್ಪಳದ ಪೇಟೆಯ ಒಂದು ಕಿರಾಣಿ ಅಂಗಡಿ. ಪೊಟ್ಟಣ ಕಟ್ಟುವ ಹುಡುಗನು ಮುಖಗವಸು ಹಾಕಿಕೊಂಡಿದ್ದಾನೆ. ಹಳ್ಳಿಯಿಂದ ಬಂದ ಹಿರಿಯ ಗೌಡನೊಬ್ಬನು ಬರಿಮೊಗದಿಂದ ಮುಂದೆ ನಿಂತಿದ್ದಾನೆ. ಹುಡುಗನು ಸಂಕೋಚದಿಂದ ತನ್ನ ಗವಸನ್ನು ಮುಟ್ಟಿ ತೋರಿಸುತ್ತಾನೆ.

"ಯಾಕಪಾ ತಮ್ಮಾ, ನನಗೇನು ಜಡ್ಡು ಬಂದೈತೇನು?"

"ಹಂಗಲ್ರೀ ಗೌಡ್ರ. ನಿಮಗ ಇಲ್ಲರಿ. ಆದ್ರ ಹತ್ತರೊಳಗ ನಾಕುನೂರು ಮಂದಿ ಬಂದು ಹೋಗ್ತಾರ್ರಿ. ಮನ್ಯಾಗ ನಮ್ಮವ್ವಗ ದಮ್ಮು ಐತ್ರಿ."

ಈ ಎರಡು ಮಾತುಗಳಲ್ಲಿ ಇಡೀ ಪ್ರಶ್ನೆಯು ಅಡಗಿದೆ. ಗೌಡನು ತನ್ನ ದೇಹವನ್ನು ಕುರಿತು ಮಾತನಾಡುತ್ತಾನೆ. ಹುಡುಗನು ತನ್ನ ತಾಯಿಯನ್ನು ಕುರಿತು ಮಾತನಾಡುತ್ತಾನೆ. ಇಬ್ಬರೂ ಸುಳ್ಳಾಡುತ್ತಿಲ್ಲ. ಆದರೆ ಧರ್ಮವು ಯಾರ ಪಕ್ಷದಲ್ಲಿ ನಿಲ್ಲುವದು?

ಗೌಡನ ಪಕ್ಷವನ್ನು ಹಗುರಾಗಿ ತಳ್ಳಿಹಾಕಬಾರದು. ಆ ಪಕ್ಷದಲ್ಲಿ ಮೊದಲನೆಯದಾಗಿ ಶ್ರದ್ಧೆಯ ವಾದವೊಂದಿದೆ. ಹುಟ್ಟು ಸಾವುಗಳು ಶಿವಸಂಕಲ್ಪಕ್ಕೆ ಅಧೀನವಾಗಿರುವಾಗ ಒಂದು ತುಂಡು ಬಟ್ಟೆಯಲ್ಲಿ ವಿಶ್ವಾಸವಿಡುವದು ಭಕ್ತಿಯ ಕೊರತೆಯಲ್ಲವೆ ಎಂದು ಕೇಳುವವರುಂಟು. ಆದರೆ ಹಾಗೆ ಕೇಳುವವನೂ ರಾತ್ರಿ ಮಲಗುವಾಗ ಕದಕ್ಕೆ ಅಗುಳಿ ಹಾಕುತ್ತಾನೆ, ಪೈರಿಗೆ ಹುಳು ಬಿದ್ದರೆ ಔಷಧ ಹೊಡೆಯುತ್ತಾನೆ. ಶಿವನ ಮೇಲಿನ ಭರವಸೆಯು ಮನುಷ್ಯನ ಎಚ್ಚರವನ್ನು ಕಿತ್ತುಕೊಳ್ಳುವದಿಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಕೆಲವೇ ವರ್ಷಗಳಲ್ಲಿ ಕನ್ನಡನಾಡನ್ನು ವ್ಯಾಪಿಸಿದಾಗ ಹಿರಿಯರು ಊರನ್ನು ತೊರೆದು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಬಾಳಿದರು. ಅವರ ಕೊರಳಿನ ಇಷ್ಟಲಿಂಗವು ಅವರೊಡನೆ ಗುಡಿಸಲಿಗೂ ಬಂದಿತು. ಊರು ಬಿಟ್ಟುದರಿಂದ ಅವರ ಭಕ್ತಿಗೆ ಕುಂದು ಬಂದಿತೆಂದು ಯಾರೂ ಹೇಳಲಿಲ್ಲ. ತನ್ನ ಅಜಾಗರೂಕತೆಯ ಫಲವನ್ನು ಶಿವನ ಹೆಸರಿನಲ್ಲಿ ಬರೆದಿಡುವದೇ ನಿಜವಾದ ಅಪಚಾರ.

ಎರಡನೆಯದು ಸ್ವಾತಂತ್ರ್ಯದ ವಾದ. 'ದೇಹ ನನ್ನದು, ರೋಗ ಬಂದರೆ ಅನುಭವಿಸುವವನೂ ನಾನೇ' ಎಂಬುದು ಅದರ ಸಾರ. ಉಪವಾಸವನ್ನೋ ಪಥ್ಯವನ್ನೋ ಕುರಿತ ಮಾತಾಗಿದ್ದರೆ ಇದು ಒಪ್ಪತಕ್ಕ ವಾದವೇ. ಆದರೆ ಉಸಿರಿನ ಸಂಗತಿ ಬೇರೆ. ಈ ರೋಗವು ಮಾತನಾಡುವಾಗ, ಕೆಮ್ಮುವಾಗ, ಉಸಿರಾಡುವಾಗ ಹೊರಬೀಳುವ ಸೂಕ್ಷ್ಮ ಹನಿಗಳಿಂದ ಹರಡುತ್ತದೆ. ಅದಕ್ಕೂ ಮಿಗಿಲಾಗಿ, ರೋಗದ ಲಕ್ಷಣಗಳು ಕಾಣಿಸಿಕೊಳ್ಳುವದಕ್ಕೆ ಒಂದೆರಡು ದಿನ ಮೊದಲೇ ಮನುಷ್ಯನು ಅದನ್ನು ಇತರರಿಗೆ ಹಚ್ಚಬಲ್ಲನು. ಕೆಲವರಲ್ಲಿ ಲಕ್ಷಣಗಳೇ ಕಾಣಿಸಿಕೊಳ್ಳುವದಿಲ್ಲ. ಆದುದರಿಂದ 'ನನಗೇನೂ ಆಗಿಲ್ಲ' ಎಂಬ ಗೌಡನ ಮಾತು ಪ್ರಾಮಾಣಿಕವಾದುದಾದರೂ ಪ್ರಮಾಣವಾಗಲಾರದು.

ಇಲ್ಲಿ ಪ್ರಸಾದತತ್ತ್ವವನ್ನು ನೆನೆಯಬೇಕು. ಷಟ್‌ಸ್ಥಲಗಳಲ್ಲಿ ಪ್ರಸಾದಿಯು ತಾನು ಪಡೆದುದೆಲ್ಲವನ್ನೂ ಶಿವನ ಪ್ರಸಾದವೆಂದು ಭಾವಿಸುವವನು. ಅನ್ನವು ಮಾತ್ರ ಪ್ರಸಾದವೆನ್ನುವಂತಿಲ್ಲ. ಕ್ಷಣಕ್ಷಣಕ್ಕೂ ಒಳಗೆ ಬರುವ ಗಾಳಿಯೂ ಪ್ರಸಾದವೇ. ಅದಕ್ಕೆ ಬೆಲೆಯಿಲ್ಲ, ಬೇಲಿಯಿಲ್ಲ, ಜಾತಿಯಿಲ್ಲ. ಒಬ್ಬನು ಬಿಟ್ಟ ಉಸಿರು ಮುಂದೆ ನಿಂತವನ ಉಸಿರಿನಲ್ಲಿ ಸೇರುತ್ತದೆ. ಪಂಕ್ತಿಯಲ್ಲಿ ಕುಳಿತಾಗ ಪಕ್ಕದವನ ಎಲೆಗೆ ತನ್ನ ಎಂಜಲು ಸಿಡಿಯದಂತೆ ಎಚ್ಚರವಹಿಸುವ ಗೃಹಸ್ಥನು, ಎಲ್ಲರಿಗೂ ಸಮಾನವಾಗಿ ಬಡಿಸಲ್ಪಟ್ಟ ಈ ಪ್ರಸಾದದ ವಿಷಯದಲ್ಲಿ ಎಚ್ಚರವಹಿಸದಿರುವದು ಯಾವ ನ್ಯಾಯ?

ಇದಕ್ಕಿಂತಲೂ ಗಹನವಾದ ಸಂಗತಿಯೊಂದು ಪೇಟೆಯಲ್ಲಿಯೇ ಇದೆ. ಕೊಳ್ಳುವವನೂ ಮಾರುವವನೂ ಒಂದೇ ಅಂಗಡಿಯಲ್ಲಿ ನಿಂತಿದ್ದರೂ ಅವರ ಸ್ಥಿತಿ ಒಂದೇ ಅಲ್ಲ. ಗಿರಾಕಿಯು ಹತ್ತು ನಿಮಿಷ ನಿಂತು ಹೊರಡುತ್ತಾನೆ. ಗದ್ದಲ ಕಂಡರೆ ಬೇರೆ ಅಂಗಡಿಗೆ ಹೋಗಬಲ್ಲನು. ಮನಸ್ಸಿಲ್ಲದಿದ್ದರೆ ನಾಳೆ ಬರಬಲ್ಲನು. ಪೊಟ್ಟಣ ಕಟ್ಟುವ ಹುಡುಗನಿಗೆ, ಗಂಗಾವತಿಯ ಗಂಜಿನಲ್ಲಿ ಅಕ್ಕಿಯ ಚೀಲ ಹೊರುವ ಹಮಾಲನಿಗೆ, ಸಂತೆಯಲ್ಲಿ ಗೋಣಿತಟ್ಟಿನ ಮೇಲೆ ಕಾಯಿಪಲ್ಲೆ ಹಚ್ಚಿಕೊಂಡು ಕುಳಿತ ತಾಯಿಗೆ ಈ ಅನುಕೂಲವಿಲ್ಲ. ಅವರು ಸ್ಥಳ ಬಿಟ್ಟು ಏಳುವಂತಿಲ್ಲ; ಬಂದವರೆಲ್ಲರ ಉಸಿರನ್ನು ಸಹಿಸಬೇಕು; ಬಾಯಿ ಬಿಟ್ಟು ಹೇಳಿದರೆ ಗಿರಾಕಿ ಮುನಿದು ಹೋಗಬಹುದೆಂಬ ಅಂಜಿಕೆ ಬೇರೆ. ಚೀಲ ಹೊತ್ತು ಏದುಸಿರು ಬಿಡುವ ಹಮಾಲನು ತಾನು ಗವಸು ಕಟ್ಟಿಕೊಳ್ಳುವದೂ ಕಷ್ಟವೇ. ಆದುದರಿಂದ ಪೇಟೆಯಲ್ಲಿ ಆಯ್ಕೆಯುಳ್ಳವನು ಗಿರಾಕಿಯು, ಆಯ್ಕೆಯಿಲ್ಲದವನು ಕಾಯಕಜೀವಿಯು. ಎಲ್ಲಿ ಒಬ್ಬನಿಗೆ ಆಯ್ಕೆಯಿದ್ದು ಇನ್ನೊಬ್ಬನಿಗೆ ಇಲ್ಲವೋ ಅಲ್ಲಿ ಕರ್ತವ್ಯದ ಭಾರವು ಆಯ್ಕೆಯುಳ್ಳವನ ಹೆಗಲ ಮೇಲೆ ಬೀಳುತ್ತದೆ. ಪಂಚಾಚಾರಗಳಲ್ಲಿ ಭೃತ್ಯಾಚಾರವೆಂಬುದು ಭಕ್ತನು ತನ್ನನ್ನು ಇತರರಿಗಿಂತ ಕಿರಿಯನೆಂದು, ಸೇವಕನೆಂದು ಭಾವಿಸಿ ನಡೆಯುವ ಆಚಾರ. ಕಾಸು ಕೊಡುವ ಕೈ ತನ್ನದೆಂಬ ಹಮ್ಮನ್ನು ಬಿಟ್ಟು, ತನ್ನ ಮನೆಗೆ ಅನ್ನ ಒದಗಿಸುವ ಕಾಯಕಜೀವಿಯ ಎದುರು ಒಂದು ಬಟ್ಟೆಯನ್ನು ಕಟ್ಟಿಕೊಂಡು ನಿಲ್ಲುವದು ಈ ಆಚಾರದ ಅತ್ಯಂತ ಸರಳವಾದ ರೂಪವಲ್ಲವೆ?

ಮೂರನೆಯ ಆಕ್ಷೇಪವು ಬುದ್ಧಿವಂತರದು: ಈ ಬಟ್ಟೆಯಿಂದ ನಿಜವಾಗಿ ಪ್ರಯೋಜನವುಂಟೆ? ಈ ಪ್ರಶ್ನೆಗೆ ಉತ್ಪ್ರೇಕ್ಷೆಯಿಲ್ಲದೆ ಉತ್ತರಿಸಬೇಕು. 1910-11ರ ಚಳಿಗಾಲದಲ್ಲಿ ಮಂಚೂರಿಯದಲ್ಲಿ ಶ್ವಾಸಕೋಶದ ಪ್ಲೇಗು ಹಬ್ಬಿದಾಗ ವೂ ಲಿಯೆನ್ ತೆಹ್ ಎಂಬ ವೈದ್ಯನು ರೋಗವು ಉಸಿರಿನಿಂದ ಹರಡುವದೆಂದು ಗುರುತಿಸಿ ಹತ್ತಿಯನ್ನು ಒಳಗಿಟ್ಟ ಜಾಳುಬಟ್ಟೆಯ ಗವಸನ್ನು ಬಳಕೆಗೆ ತಂದನು. ಅವನಿಗಿಂತ ಹಿರಿಯನಾದ ಮೆನಿ ಎಂಬ ಫ್ರೆಂಚ್ ವೈದ್ಯನು ಆ ಮಾತನ್ನು ಕಡೆಗಣಿಸಿ ಗವಸಿಲ್ಲದೆ ರೋಗಿಗಳನ್ನು ಪರೀಕ್ಷಿಸಿದನು. ಕೆಲವೇ ದಿನಗಳಲ್ಲಿ ಅದೇ ರೋಗದಿಂದ ಮಡಿದನು. ಪಾಂಡಿತ್ಯವು ಅಹಂಕಾರದಿಂದ ಕೂಡಿದಾಗ ಅದು ಕವಚವಾಗದು. ಇನ್ನು ಕೋವಿಡ್ ಕಾಲದ ಸಂಗತಿ: ಬಾಂಗ್ಲಾದೇಶದ 600 ಹಳ್ಳಿಗಳಲ್ಲಿ ಸುಮಾರು 3,40,000 ವಯಸ್ಕರನ್ನು ಒಳಗೊಂಡ ಪರೀಕ್ಷೆಯೊಂದು 2020-21ರಲ್ಲಿ ನಡೆಯಿತು. ಗವಸುಗಳನ್ನು ಹಂಚಿ ತಿಳಿಯಹೇಳಿದ ಹಳ್ಳಿಗಳಲ್ಲಿ ಅವನ್ನು ಸರಿಯಾಗಿ ಧರಿಸುವವರ ಪ್ರಮಾಣ ನೂರಕ್ಕೆ 42ರಷ್ಟಾಯಿತು. ಉಳಿದ ಹಳ್ಳಿಗಳಲ್ಲಿ ಅದು 13ರಷ್ಟೇ ಇದ್ದಿತು. ಲಕ್ಷಣಸಹಿತವಾದ ಸೋಂಕು ನೂರಕ್ಕೆ 9ರಷ್ಟು ಕಡಿಮೆಯಾಯಿತು. ವೈದ್ಯರು ಬಳಸುವ ಬಗೆಯ ಗವಸು ಕೊಟ್ಟಲ್ಲಿ 60 ವರ್ಷ ಮೀರಿದವರಲ್ಲಿ ಅದು ನೂರಕ್ಕೆ 35ರಷ್ಟು ಇಳಿಯಿತು. ಬಟ್ಟೆಯ ಗವಸಿನ ಫಲ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಪಂಡಿತರ ಚರ್ಚೆಯು ಇನ್ನೂ ಮುಗಿದಿಲ್ಲ.

ಎಂದಮೇಲೆ ಮುಖಗವಸು ವಜ್ರಕವಚವಲ್ಲ. ಅದು ಭಾಗಶಃ ಕಾಯುವ ಸಾಧನ. ಅದರಲ್ಲಿಯೂ ಮುಪ್ಪಿನವರನ್ನು ಹೆಚ್ಚಾಗಿ ಕಾಯುವ ಸಾಧನ. ಆದರೆ ಧರ್ಮವು ಪೂರ್ಣಫಲದ ಖಾತ್ರಿಯನ್ನು ಪಡೆದ ಮೇಲೆಯೇ ಕೈ ಚಾಚುವದಿಲ್ಲ. ಒಂದು ಪಕ್ಕದಲ್ಲಿ ಗಿರಾಕಿಯ ಹತ್ತು ನಿಮಿಷದ ಸೆಕೆ. ಇನ್ನೊಂದು ಪಕ್ಕದಲ್ಲಿ ಕಾಣದ ಮನೆಯೊಂದರಲ್ಲಿ ದಮ್ಮಿನಿಂದ ನರಳುವ ತಾಯಿಯ ಜೀವ. ಎರಡನ್ನೂ ತಕ್ಕಡಿಯಲ್ಲಿಟ್ಟಾಗ ಯಾವ ತಟ್ಟೆ ಕೆಳಗೆ ಬರುವದೆಂಬುದನ್ನು ವ್ಯಾಪಾರಬಲ್ಲ ಸಮಾಜಕ್ಕೆ ಬಿಡಿಸಿ ಹೇಳಬೇಕಾಗಿಲ್ಲ.

ಸೋಸುವ ಸಂಸ್ಕಾರವು ಈ ನೆಲಕ್ಕೆ ಹೊಸದೂ ಅಲ್ಲ. ಲಿಂಗಪೂಜೆಗೆ ತರುವ ಅಗ್ಘವಣಿಯನ್ನು ಶುಭ್ರವಾದ ಅರಿವೆಯಿಂದ ಸೋಸಿಕೊಳ್ಳುವ ಪದ್ಧತಿ ಮನೆಮನೆಗೂ ತಿಳಿದದ್ದೇ. ಶ್ವೇತಾಂಬರ ಜೈನರಲ್ಲಿ ಸ್ಥಾನಕವಾಸಿ ಮತ್ತು ತೇರಾಪಂಥಿ ಸಾಧುಗಳು ತಮ್ಮ ಬಾಯಿಗೆ ಬಿಳಿಯ ಬಟ್ಟೆಯನ್ನು ಕಟ್ಟಿಕೊಂಡಿರುತ್ತಾರೆ. ಅವರು ಅದನ್ನು ಧರಿಸುವದು ತಮ್ಮ ರಕ್ಷಣೆಗಾಗಿ ಅಲ್ಲ. ತಮ್ಮ ಬಿಸಿಯುಸಿರಿನಿಂದ ಗಾಳಿಯಲ್ಲಿರುವ ಸೂಕ್ಷ್ಮಜೀವಕ್ಕೆ ಹಿಂಸೆಯಾಗಬಾರದೆಂದು. ಕಣ್ಣಿಗೆ ಕಾಣದ ಜೀವಕ್ಕಾಗಿ ಅವರು ಬಾಳಿನುದ್ದಕ್ಕೂ ಬಾಯಿ ಕಟ್ಟಿಕೊಳ್ಳುವಾಗ, ಎದುರಿಗೆ ನಿಂತು ಪೊಟ್ಟಣ ಕಟ್ಟುವ ಮನುಷ್ಯನಿಗಾಗಿ ಗೃಹಸ್ಥನು ಪೇಟೆಯಲ್ಲಿ ಇರುವಷ್ಟು ಹೊತ್ತಾದರೂ ಕಟ್ಟಿಕೊಳ್ಳಲಾರನೆ?

ಆದರೆ ಬಟ್ಟೆಯೇ ಧರ್ಮವೆಂದು ಭ್ರಮಿಸಬಾರದು. ಹೊರಗಿನ ಕುರುಹು ಒಳಗಿನ ಅರಿವಿಗೆ ಸಾಕ್ಷಿಯಾಗದಿದ್ದರೆ ಶರಣರು ಅದನ್ನು ಮೆಚ್ಚಲಿಲ್ಲ. 2020ರ ಅಕ್ಟೋಬರಿನಲ್ಲಿ ರಾಜ್ಯದ ಮಹಾನಗರಗಳಲ್ಲಿ 250, ಇತರ ಕಡೆಗಳಲ್ಲಿ 100 ರೂಪಾಯಿ ದಂಡವು ಗೊತ್ತಾದಾಗ, ಪೊಲೀಸರನ್ನು ಕಂಡೊಡನೆ ಮೇಲೇರಿ ಅವರು ಮರೆಯಾದೊಡನೆ ಗದ್ದಕ್ಕಿಳಿಯುವ ಗವಸುಗಳು ಎಲ್ಲೆಡೆಯೂ ಕಂಡುಬಂದವು. ನೂರು ರೂಪಾಯಿಗೆ ಹೆದರಿ ಧರಿಸಿದ ಗವಸು, ಜನರು ನೋಡಲೆಂದು ಬಳಿದುಕೊಂಡ ವಿಭೂತಿಯಂತೆ. ಗುರು ಲಿಂಗ ಜಂಗಮಾದಿ ಅಷ್ಟಾವರಣಗಳ ಜೊತೆಗೆ ಇದನ್ನು ಒಂಬತ್ತನೆಯದನ್ನಾಗಿ ಎಣಿಸುವದೂ ಬೇಡ. ಇದು ಕಾಲಕ್ಕೆ ಒದಗಿದ ಒಂದು ಸಾಧನ. ಕಾಲ ಕಳೆದ ಮೇಲೆ ಕಳಚಿಡತಕ್ಕದ್ದು.

ಆದುದರಿಂದ ವಿವೇಕಕ್ಕೆ ಇಲ್ಲಿ ಸ್ಥಳವಿದೆ. ಹೊಲದಲ್ಲಿ ಒಬ್ಬನೇ ಎಡೆ ಹೊಡೆಯುವ ರೈತನಿಗೆ ಗವಸಿನ ಅವಶ್ಯಕತೆಯಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕಡ್ಡಾಯ ಮಾಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೇ ತಿಳಿಸಿತ್ತು. ಉಬ್ಬಸದಿಂದ ಬಳಲುವವನನ್ನು, ತುಟಿಯ ಚಲನೆಯನ್ನು ನೋಡಿಯೇ ಮಾತು ತಿಳಿಯುವ ಕಿವುಡನನ್ನು ಗದರಿಸುವದು ಧರ್ಮವಲ್ಲ. ಗಣಾಚಾರವೆಂಬುದು ತಪ್ಪನ್ನು ಸಹಿಸದ ಆಚಾರವಾದರೂ ಅದು ಬೈಗುಳದ ಪರವಾನಗಿಯಲ್ಲ. ಅಂಗಡಿಯ ಬಾಗಿಲಲ್ಲಿ ಒಂದಿಷ್ಟು ಗವಸುಗಳನ್ನಿಟ್ಟು ಇಲ್ಲದವನಿಗೆ ಕೈಮುಗಿದು ಕೊಡುವ ಸಾವಕಾರನು ನೂರು ಫಲಕಗಳಿಗಿಂತ ಹೆಚ್ಚಿನ ಗಣಾಚಾರವನ್ನು ಸಾಧಿಸುತ್ತಾನೆ. ಹಾಗೆಯೇ ಪೇಟೆಗೆ ಹೋಗಬೇಕೆ ಎಂಬುದನ್ನೂ ಮೊದಲು ವಿಚಾರಿಸಬೇಕು. ಆಯ್ದಕ್ಕಿ ಲಕ್ಕಮ್ಮನು ಗಂಡನು ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಬೇಕಾದಷ್ಟನ್ನೇ ಒಮ್ಮೆಗೆ ತಂದು ಬೇಡದ ತಿರುಗಾಟವನ್ನು ಬಿಡುವದು ಆ ತಾಯಿಯ ಮಾರ್ಗವೇ.

ಕೊಪ್ಪಳದ ಗವಿಮಠವು ಆ ಕಾಲದಲ್ಲಿ ಲಕ್ಷಾಂತರ ಜನ ಸೇರುವ ತನ್ನ ಜಾತ್ರೆಯನ್ನು ಸರಳವಾಗಿ ನಡೆಸಿತು. 2021ರ ಎರಡನೆಯ ಅಲೆಯಲ್ಲಿ ಕೋವಿಡ್ ರೋಗಿಗಳ ಆರೈಕೆಗೆ ತನ್ನ ಕಟ್ಟಡವನ್ನೇ ತೆರೆಯಿತು. ದೊಡ್ಡ ಮಠವು ಮಾಡಬಹುದಾದ ದಾಸೋಹ ಅದು. ಗೃಹಸ್ಥನಿಗೆ ಸಾಧ್ಯವಾದ ದಾಸೋಹ ಚಿಕ್ಕದು: ಪೇಟೆಯಲ್ಲಿ ತನ್ನ ಉಸಿರನ್ನು ಕಾಯ್ದುಕೊಳ್ಳುವದು.

2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ಆ ತುರ್ತುಸ್ಥಿತಿಯು ಮುಗಿಯಿತೆಂದು ಸಾರಿತು. ಇಂದು ದಂಡವಿಲ್ಲ, ನಿರ್ಬಂಧವಿಲ್ಲ. ಆದರೆ ನೆಗಡಿ ಕೆಮ್ಮುಗಳು ಪ್ರತಿ ಚಳಿಗಾಲವೂ ಬರುತ್ತವೆ. ಮುಂದೆ ಬೇರೊಂದು ಪಿಡುಗೂ ಬಾರದೆಂದು ಹೇಳಲು ಬರುವದಿಲ್ಲ. ಅಪ್ಪಣೆಯಿಲ್ಲದ ದಿನಗಳಲ್ಲಿಯೇ ಆಚಾರದ ನಿಜಸ್ವರೂಪವು ಗೊತ್ತಾಗುವದು. ಕೆಮ್ಮು ಹತ್ತಿದ ದಿನ ಪೇಟೆಗೆ ಹೋಗಲೇಬೇಕಾದಾಗ ಯಾರೂ ಹೇಳದೆಯೇ ಹೆಗಲ ಮೇಲಿನ ವಲ್ಲಿಯನ್ನು ಮೂಗಿನವರೆಗೆ ಎಳೆದುಕೊಳ್ಳುವ ಗೌಡನು ಆ ಹುಡುಗನ ತಾಯಿಯನ್ನು ಎಂದೂ ಕಂಡವನಲ್ಲ, ಕಾಣುವವನೂ ಅಲ್ಲ. ಕಾಣದವರ ಮೇಲಿನ ಆ ಕರುಣೆಯನ್ನೇ ಶರಣರು ಧರ್ಮವೆಂದು ಕರೆದರು. ಅಂಥ ಕರುಣೆಯು ಪ್ರತಿಯೊಬ್ಬ ಗೃಹಸ್ಥನ ಎದೆಯಲ್ಲಿ ನೆಲೆಗೊಳ್ಳಲಿ. ಶಿವನು ಸರ್ವರಿಗೂ ಆರೋಗ್ಯವನ್ನೂ ಸನ್ಮತಿಯನ್ನೂ ಕರುಣಿಸಲಿ.