ಸೋಮವಾರದ ವಿಶ್ವಾಸ

ಭಾನುವಾರ ಕ್ರೈಸ್ತನಾಗಿರಲು ಹೆಚ್ಚು ಶ್ರಮ ಬೇಕಿಲ್ಲ. ಇಸ್ತ್ರಿ ಮಾಡಿದ ಬಟ್ಟೆ, ಪರಿಚಿತ ಕೀರ್ತನೆ, ಪಕ್ಕದಲ್ಲಿ ನಮ್ಮಂತೆಯೇ ತಲೆಬಾಗಿ ಕೂತವರು, ಎಲ್ಲವೂ ನಮ್ಮನ್ನು ಎತ್ತಿ ಹಿಡಿದಿರುತ್ತವೆ. ಮರುದಿನ ಶಹಾಡ್ ಸ್ಟೇಷನ್ನಿನಲ್ಲಿ, ಕಸಾರಾ ಕಡೆಯಿಂದ ತುಂಬಿಕೊಂಡೇ ಬರುವ ಲೋಕಲ್‌ಗೆ ಕಾಲಿಡುವಾಗ ಆ ಆಸರೆ ಯಾವುದೂ ಇರುವುದಿಲ್ಲ. ಮನೆಯಲ್ಲಿ ಕನ್ನಡ, ರೈಲಿನಲ್ಲಿ ಮರಾಠಿ, ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಭಾಷೆ ಬದಲಾದಂತೆ ಒಳಗಿನ ಮನುಷ್ಯನೂ ಬದಲಾಗುತ್ತಾ ಹೋದರೆ, ವಿಶ್ವಾಸ ಎನ್ನುವುದು ವಾರಕ್ಕೊಮ್ಮೆ ತೊಡುವ ಅಂಗಿಯಷ್ಟೇ ಆಗುತ್ತದೆ.

ಗುರುತು ಎಂಬ ಮಾತಿಗೆ ಎರಡು ಅರ್ಥವಿದೆ. ಒಂದು, ನನ್ನನ್ನು ಇತರರಿಂದ ಬೇರೆ ಮಾಡಿ ತೋರಿಸುವುದು: ಹೆಸರು, ಕತ್ತಿನ ಶಿಲುಬೆ, ಡಿಸೆಂಬರಿನ ನಕ್ಷತ್ರ. ಇನ್ನೊಂದು, ನಾನು ಯಾವುದರ ಮೇಲೆ ನಿಂತು ನಿರ್ಧಾರ ಮಾಡುತ್ತೇನೆ ಎನ್ನುವುದು. ವಲಸೆ ಬಂದವರಿಗೆ ಮೊದಲನೆಯದೇ ಸದಾ ಎದುರಾಗುತ್ತದೆ. ಮನೆ ತೋರಿಸುವ ಏಜೆಂಟ್ ಹೆಸರು ಕೇಳಿ ‘ಗೋವಾದವರಾ, ಕೇರಳದವರಾ?’ ಎನ್ನುತ್ತಾನೆ. ಕನ್ನಡದವರ ಕೂಟದಲ್ಲೇ ‘ನಿಮ್ಮ ಕನ್ನಡ ಚೆನ್ನಾಗಿದೆಯಲ್ಲ!’ ಎಂದು ಅಚ್ಚರಿಪಡುವವರಿದ್ದಾರೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಮೋಗ್ಲಿಂಗ್, 1894ರ ನಿಘಂಟಿನ ಕಿಟೆಲ್ ಇಬ್ಬರೂ ಪಾದ್ರಿಗಳು ಎಂದು ಉತ್ತರ ಕೊಡಬಹುದು. ಆದರೆ ಹಾಗೆ ಉತ್ತರಿಸುತ್ತಾ ಹೋದರೆ ಆಯುಷ್ಯವೆಲ್ಲ ಗುರುತಿನ ಚೀಟಿ ತೋರಿಸುವುದರಲ್ಲೇ ಕಳೆದೀತು.

ಎರಡನೆಯ ಅರ್ಥದ ಗುರುತಿಗೆ ಬೆಲೆ ತೆರಬೇಕಾಗುತ್ತದೆ. ನಮ್ಮ ಕರಾವಳಿಯವರಿಗೆ ಅದು ಗೊತ್ತಿತ್ತು. ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆಗ ಕ್ರೈಸ್ತರಾದ ಬಿಲ್ಲವರಲ್ಲಿ ಹಲವರ ಕಸುಬು ಶೇಂದಿ ಇಳಿಸುವುದು. ಮಿಶನ್ ಅದನ್ನು ಒಪ್ಪಲಿಲ್ಲ. ಹೀಗಾಗಿ ಹೊಸ ವಿಶ್ವಾಸ ಎಂದರೆ ನಾಳೆಯ ಗಂಜಿಯನ್ನೇ ಕೈಬಿಡುವುದು. ಜೊತೆಗೆ ಬಂಧುಗಳ ಆಸರೆಯೂ ಅನೇಕರಿಗೆ ತಪ್ಪಿತು. ಅಂಥವರಿಗೆ ದುಡಿಮೆ ಒದಗಿಸಲು ಮುದ್ರಣ, ನೇಯ್ಗೆ ಶುರುವಾದವು. 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಮಂಗಳೂರು ಹೆಂಚಿನ ಹಿಂದೆ ಇದ್ದದ್ದು ಬಹಳ ಸರಳವಾದ ಪ್ರಶ್ನೆ: ನಂಬಿದ್ದಾಯಿತು, ಇನ್ನು ಹೊಟ್ಟೆಪಾಡು ಹೇಗೆ?

ಅದರಲ್ಲಿ ತೊಡಕೂ ಇತ್ತು. ಕೂಲಿ ಕೊಡುವವರೂ ಪ್ರಸಂಗ ಮಾಡುವವರೂ ಒಂದೇ ಕಡೆಯವರಾದರೆ ಭಕ್ತಿ ಯಾವುದು, ವಿಧೇಯತೆ ಯಾವುದು ಎಂದು ತಿಳಿಯುವುದು ಕಷ್ಟ. ಮೊದಲ ಮಹಾಯುದ್ಧ ಆ ಗಂಟನ್ನು ತಾನಾಗಿ ಬಿಚ್ಚಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಮಾಲೀಕರು ಬದಲಾದರು, ಸಭೆಗಳು ಉಳಿದವು.

ಇಂದು ಐಟಿಯಲ್ಲಿರುವ ನಮಗೆ ಯಾರೂ ಕಸುಬು ಬಿಡು ಎನ್ನುವುದಿಲ್ಲ. ಹಾಗಾದರೆ ನಾವು ಬಿಡಬೇಕಾದ ಶೇಂದಿ ಯಾವುದು? ನಮ್ಮಲ್ಲಿ ‘ಕಲ್ಲಂಗಡಿ ರಿಪೋರ್ಟ್’ ಎಂಬ ತಮಾಷೆಯ ಮಾತಿದೆ. ಕ್ಲೈಂಟಿಗೆ ಕಾಣುವ ಹೊರಮೈ ಹಸಿರು, ಕುಯ್ದರೆ ಒಳಗೆಲ್ಲ ಕೆಂಪು. ಪರ್ವತ ಪ್ರಸಂಗದಲ್ಲಿ ಯೇಸು ಹೌದಾದರೆ ಹೌದೆನ್ನಿ, ಅಲ್ಲವಾದರೆ ಅಲ್ಲವೆನ್ನಿ ಎನ್ನುತ್ತಾನೆ. ಈ ಬೋಧನೆಯನ್ನು ಸ್ಟೇಟಸ್ ಮೀಟಿಂಗಿಗೆ ಒಯ್ದರೆ ಅಪ್ರೈಸಲ್‌ಗೆ ಒಳ್ಳೆಯದಲ್ಲ. ಒಯ್ಯದಿದ್ದರೆ ಅದರ ಬೆಲೆ ತೆರುವವನು ಬೇರೆಯವನು, ಆ ಸುಳ್ಳು ಹಸಿರನ್ನು ನಿಜ ಮಾಡಲು ಶನಿವಾರ ರಾತ್ರಿ ಕೂರುವ ಹೊಸ ಹುಡುಗ. ಬೆಲ್ ಕರ್ವ್‌ನ ಕೆಳತುದಿಗೆ ಯಾರನ್ನಾದರೂ ತಳ್ಳಲೇಬೇಕು ಎಂದಾಗಲೂ ಅಷ್ಟೇ. ಎದುರು ಮಾತಾಡದವರ ಹೆಸರೇ ಮೊದಲು ಬಾಯಿಗೆ ಬರುತ್ತದೆ. ವಿಶ್ವಾಸಕ್ಕೆ ಪರೀಕ್ಷೆ ನಡೆಯುವುದು ಇಂಥ ಕಡೆ. ಅಲ್ಲಿ ಯಾರೂ ಧರ್ಮ ಕೇಳುವುದಿಲ್ಲ.

‘ಪ್ರಾಮಾಣಿಕತೆಗೆ ಕ್ರಿಸ್ತನೇ ಯಾಕೆ ಬೇಕು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾಯಕವನ್ನು ಕೈಲಾಸವೆಂದ ಶರಣರ ನಾಡಿನಿಂದ ಬಂದವರು ನಾವು. ದೇವರನ್ನೇ ನಂಬದ ಸಹೋದ್ಯೋಗಿ ನಮಗಿಂತ ನೇರ ಇರುವುದನ್ನೂ ಕಂಡಿದ್ದೇವೆ. ಒಳ್ಳೆಯತನದ ಗುತ್ತಿಗೆ ಯಾವ ಸಭೆಗೂ ಸಿಕ್ಕಿಲ್ಲ. ಆದರೆ ಒಂದೇ ನೀರನ್ನು ಬೇರೆ ಬೇರೆ ಬಾವಿಯಿಂದ ಸೇದುತ್ತಾರೆ. ತನ್ನ ಬಾವಿ ಯಾವುದೆಂದು ತಿಳಿದವನು ಬೇಸಿಗೆಯಲ್ಲಿ ಅಲ್ಲಿಗೇ ಹೋಗುತ್ತಾನೆ. ನನಗೆ ಆ ಬಾವಿ, ದುಡಿಮೆಗೆ ಮೊದಲೇ ನಾನು ಪ್ರೀತಿಸಲ್ಪಟ್ಟಿದ್ದೇನೆ ಎಂಬ ನಂಬಿಕೆ. ರೇಟಿಂಗ್‌ನಿಂದ ಮನುಷ್ಯನ ಬೆಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ ಎಂದು ತಿಳಿದಾಗ ನಿಜ ಹೇಳುವ ಭಯ ಸ್ವಲ್ಪ ಕಡಿಮೆಯಾಗುತ್ತದೆ.

ಬಾವಿಗೆ ಬೇಲಿ ಹಾಕಬೇಕೇ ಎಂಬುದು ಗಣೇಶ ಚತುರ್ಥಿಯಂದು ಎದುರಾಗುತ್ತದೆ. ಪಕ್ಕದ ಮನೆಯ ಕಾಕು ಪ್ರಸಾದದ ಮೋದಕ ತರುತ್ತಾರೆ. ನಮ್ಮವರಲ್ಲಿ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ಇದು ಹೊಸ ಜಗಳವಲ್ಲ. ಪೌಲನು ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದಲ್ಲಿ ಇದೇ ವಿಷಯವನ್ನು ಉದ್ದಕ್ಕೆ ಚರ್ಚಿಸಿದ್ದಾನೆ. ವಿಗ್ರಹಕ್ಕೆ ಶಕ್ತಿಯಿಲ್ಲವೆಂದು ತಿಳಿದವನಿಗೂ ಅವನು ಹೇಳುವುದು, ನಿನ್ನ ತಿಳಿವಳಿಕೆಯಿಂದ ಇನ್ನೊಬ್ಬನ ಮನಸ್ಸಾಕ್ಷಿಗೆ ಪೆಟ್ಟಾಗಬಾರದು ಎಂದು. ರೋಮಿನವರಿಗೆ ಬರೆಯುವಾಗ ತಿನ್ನುವವನು ತಿನ್ನದವನನ್ನು ಹೀಗಳೆಯುವುದನ್ನೂ, ತಿನ್ನದವನು ತಿನ್ನುವವನಿಗೆ ತೀರ್ಪು ಕೊಡುವುದನ್ನೂ ತಡೆಯುತ್ತಾನೆ. ಇದನ್ನು ಒಪ್ಪಿದರೆ ತಿನ್ನದಿರುವವರು ಕೈಮುಗಿದು ಕಾಕುವನ್ನು ಒಳಗೆ ಕರೆದು ಚಹಾ ಕೊಡಬಹುದು. ತಿನ್ನುವವರು ಅವರನ್ನು ಹಿಂದುಳಿದವರೆಂದು ನಗದೆ ಇರಬಹುದು. ಕಾಕು ನಮ್ಮ ಹೊಸ್ತಿಲಿನಿಂದ ಯಾವ ಮುಖ ಹೊತ್ತು ಹಿಂದಿರುಗಿದರು ಎನ್ನುವುದೂ ನಮ್ಮ ವಿಶ್ವಾಸದ ಲೆಕ್ಕಕ್ಕೇ ಸೇರುತ್ತದೆ.

ಲೂಕನ ಸುವಾರ್ತೆಯಲ್ಲಿ ಧರ್ಮಶಾಸ್ತ್ರ ಬಲ್ಲವನೊಬ್ಬ ‘ನನ್ನ ನೆರೆಯವನು ಯಾರು?’ ಎಂದು ಕೇಳುತ್ತಾನೆ. ಯೇಸು ಹೇಳುವ ಕಥೆಯಲ್ಲಿ ಗಾಯಗೊಂಡು ಬಿದ್ದವನನ್ನು ಸ್ವಂತ ಜನರ ಯಾಜಕ ದಾಟಿ ಹೋಗುತ್ತಾನೆ, ಲೇವಿಯೂ ಹೋಗುತ್ತಾನೆ. ನಿಲ್ಲುವವನು ಯೆಹೂದ್ಯರಿಗೆ ಆಗದ ಸಮಾರ್ಯದವನು. ಅವನೂ ದಾರಿಹೋಕನೇ, ನಮ್ಮ ಹಾಗೆ ಊರಿನಿಂದ ದೂರ ಇದ್ದವನು. ಛತ್ರದವನಿಗೆ ಹಣ ಕೊಟ್ಟು, ಹೆಚ್ಚು ಖರ್ಚಾದರೆ ಬರುವಾಗ ಕೊಡುತ್ತೇನೆಂದು ಹೇಳಿ ತನ್ನ ಕೆಲಸಕ್ಕೆ ಹೋಗುತ್ತಾನೆ. ನನ್ನ ವಿಶ್ವಾಸದ ನಡುಮನೆಯಲ್ಲೇ ಆದರ್ಶವಾಗಿ ನಿಂತವನು ಹೊರಗಿನವನು. ಹಾಗಿರುವಾಗ ಕ್ರೈಸ್ತ ಎಂಬ ಗುರುತನ್ನು ಬೇಲಿಯಾಗಿ ಬಳಸಲು ಬರುವುದೇ ಇಲ್ಲ.

ಕನ್ನಡದಲ್ಲಿ ನೆರೆ ಎಂದರೆ ಪಕ್ಕದ ಮನೆಯೂ ಹೌದು, ಪ್ರವಾಹವೂ ಹೌದು. 2005ರ ಜುಲೈ 26ರ ಮಳೆಯಲ್ಲಿ ಮುಂಬಯಿಯ ಸುತ್ತಮುತ್ತ ಎಷ್ಟೋ ಅಪರಿಚಿತರಿಗೆ ಬಾಗಿಲು ತೆರೆದವರು ಹೆಸರು, ಜಾತಿ ಕೇಳಲಿಲ್ಲ. ಅಂಥ ದಿನ ಎಲ್ಲರಿಗೂ ಒಳ್ಳೆಯವರಾಗಲು ಸಾಧ್ಯ. ನೀರಿಳಿದ ಮೇಲಿನ ಸಾಧಾರಣ ಸೋಮವಾರಗಳಲ್ಲೂ ಬಾಗಿಲು ತೆರೆದಿಡಲು ದಿನವೂ ಸೇದುವ ಬಾವಿಯೊಂದು ಬೇಕು.