ಕಾಣದುದು ಇಲ್ಲವೆ?

ಕಳೆದ ವರ್ಷ ಎರಡು ತಿಂಗಳು ನನ್ನ ವಿಶ್ರಾಂತಿವೇತನವು ನಿಂತುಹೋಯಿತು. ಕಚೇರಿಗೆ ಹೋಗಿ ವಿಚಾರಿಸಲು, “ತಾವು ಜೀವಂತರಾಗಿರುವ ದಾಖಲೆ ಗಣಕಯಂತ್ರದಲ್ಲಿ ಇಲ್ಲ, ಮೇಷ್ಟ್ರೇ” ಎಂದು ಅಲ್ಲಿನ ತರುಣರು ವಿನಯದಿಂದಲೇ ಹೇಳಿದರು. ಪ್ರಮಾಣಪತ್ರವನ್ನು ನಾನು ಕೊಟ್ಟಿದ್ದೆನು, ಅದು ದಾಖಲಾಗಿರಲಿಲ್ಲ. ಅವರೆದುರಿಗೇ ನಿಂತಿದ್ದರೂ ನಿಯಮದ ದೃಷ್ಟಿಯಲ್ಲಿ ನಾನಿರಲಿಲ್ಲ. ದಾಖಲೆ ಕಾಣದ ಮಾತ್ರಕ್ಕೆ ವಸ್ತುವೇ ಇಲ್ಲವೆಂದು ನಿರ್ಣಯಿಸುವುದು ನ್ಯಾಯವೆ?

ಈ ಪ್ರಶ್ನೆಯು ಒಂದು ಕಚೇರಿಗೆ ಮಾತ್ರ ಸಂಬಂಧಿಸಿದುದಲ್ಲ. ೨೦೦೧ರಲ್ಲಿ ಟಿಮ್ ಬರ್ನರ್ಸ್-ಲೀ, ಜೇಮ್ಸ್ ಹೆಂಡ್ಲರ್, ಓರಾ ಲಸ್ಸಿಲ ಎಂಬ ಮೂವರು ವಿದ್ವಾಂಸರು ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯಲ್ಲಿ ಸೆಮ್ಯಾಂಟಿಕ್ ವೆಬ್, ಎಂದರೆ ಅರ್ಥಜಾಲ, ಎಂಬ ಕಲ್ಪನೆಯನ್ನು ವಿವರಿಸಿದರು. ಜಾಲದ ಬರೆಹವನ್ನು ಯಂತ್ರಗಳೂ ಅರ್ಥವರಿತು ಬಳಸಬೇಕೆಂಬುದು ಅವರ ಆಶಯ. ಮಕ್ಕಳ ಪರವಾಗಿ ತಾಯಿಯ ಚಿಕಿತ್ಸೆಗೆ ತಕ್ಕವರನ್ನು ಹುಡುಕಿ ವೇಳೆಯನ್ನು ಗೊತ್ತುಮಾಡುವ ಯಂತ್ರದೂತರನ್ನು ಅವರು ಚಿತ್ರಿಸಿದರು. ಇಂತಹ ದೂತನಿಗೆ ಸ್ವಂತ ವಿವೇಕವಿಲ್ಲ. ಇಂಥದಿದ್ದರೆ ಇಂಥದಾಗುವುದೆಂಬ ನಿಯಮಗಳೇ ಅವನಿಗೆ ಆಧಾರ. ಅವನ್ನು ಬರೆಯುವುದಕ್ಕಾಗಿಯೇ ನಿಯಮಭಾಷೆಗಳು ಹುಟ್ಟಿರುವುವು.

ಇಲ್ಲಿ ತೊಡಕಾಗಿರುವುದು ‘ಇಲ್ಲ’ ಎಂಬ ಪದ. ಪ್ರೋಲಾಗ್ ಮೊದಲಾದ ಭಾಷೆಗಳು ಸಾಧಿಸಲಾಗದುದನ್ನು ಇಲ್ಲವೆಂದೇ ಎಣಿಸುವುವು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗನು ಆ ತರಗತಿಯವನಲ್ಲವೆಂದು ಉಪಾಧ್ಯಾಯನು ತಿಳಿಯುವಂತೆಯೇ ಇದು. ಅರ್ಥಜಾಲಕ್ಕಾಗಿ ೨೦೦೪ರಲ್ಲಿ ಅಂಗೀಕೃತವಾದ ‘ಔಲ್’ ಭಾಷೆಯಾದರೋ, ಹೇಳದೆ ಉಳಿದುದನ್ನು ತಿಳಿಯದುದೆಂದು ಮಾತ್ರ ಬಗೆಯುವುದು. ಭಿನ್ನ ವ್ಯವಸ್ಥೆಗಳ ನಡುವೆ ನಿಯಮಗಳ ವಿನಿಮಯಕ್ಕೆಂದು ೨೦೧೦ರಲ್ಲಿ ಬಂದ ‘ರಿಫ್’ ಕೂಡ ಒಂದೇ ಭಾಷೆಯಾಗದೆ ಹಲವು ಉಪಭಾಷೆಗಳ ಕುಟುಂಬವಾಯಿತು.

ನಮ್ಮ ಮೀಮಾಂಸಕರು ಈ ವಿಷಯವನ್ನು ಸೂಕ್ಷ್ಮವಾಗಿ ವಿಚಾರಿಸಿರುವರು. ಕುಮಾರಿಲಭಟ್ಟರ ಸಂಪ್ರದಾಯದವರು ಅನುಪಲಬ್ಧಿಯನ್ನು, ಎಂದರೆ ಕಾಣದಿರುವಿಕೆಯನ್ನು, ಪ್ರತ್ಯೇಕ ಪ್ರಮಾಣವೆಂದು ಒಪ್ಪುವರು. ಆದರೆ ಇದ್ದಿದ್ದರೆ ಕಾಣಲೇಬೇಕಾಗಿದ್ದ ವಸ್ತುವಿನ ವಿಷಯದಲ್ಲಿ ಮಾತ್ರ. ಬೆಳಕಿರುವ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಅಲ್ಲಿಲ್ಲ. ಕತ್ತಲೆಯಲ್ಲಿ ಕಾಣದಿದ್ದರೆ ಏನೂ ಸಿದ್ಧವಾಗದು. ಹಾಜರಿ ಪುಸ್ತಕವು ಬೆಳಕಿನ ಕೋಣೆ. ಜಗತ್ತಿನ ಬರೆಹವೆಲ್ಲ ಅರೆಬರೆಯಾಗಿ ಸೇರಿರುವ ಜಾಲವು ಬಹುಮಟ್ಟಿಗೆ ಕತ್ತಲೆಯ ಕೋಣೆ.

“ಎಲ್ಲಕ್ಕೂ ತಿಳಿಯದೆನ್ನುತ್ತ ಕುಳಿತರೆ ಕಾರ್ಯ ನಡೆಯುವುದು ಹೇಗೆ? ಸತ್ತವರ ಹೆಸರಿನಲ್ಲಿ ಹಣ ಹೋಗುವುದಿಲ್ಲವೆ?” ಎಂದು ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವಾದುದೇ. ಆದರೆ ಸಂಶಯದ ಭಾರವನ್ನು ಯಾರು ಹೊರತಕ್ಕದ್ದು? ಹಣ ಹೆಚ್ಚಾಗಿ ಹೋದರೆ ಮರಳಿ ಪಡೆಯಲು ಯತ್ನಿಸಬಹುದು. ಹಸಿದು ಕಳೆದ ದಿನವನ್ನು ಮರಳಿ ಕೊಡಲಾಗದು. ಆದುದರಿಂದ ನಿಯಮವನ್ನು ಬರೆಯುವವನು ತನ್ನ ಕೋಣೆಯಲ್ಲಿ ಬೆಳಕಿರುವುದೇ ಎಂಬುದನ್ನು ಮೊದಲು ಪರೀಕ್ಷಿಸತಕ್ಕದ್ದು. ಇಲ್ಲವಾದರೆ ಯಂತ್ರವು ‘ತಿಳಿಯದು’ ಎನ್ನಲಿ. ಮನುಷ್ಯನೊಬ್ಬನು ಎದ್ದುಹೋಗಿ ನೋಡಿ ಬರಲಿ. ಈ ಹೊಣೆಯನ್ನು ಯಂತ್ರದ ಮೇಲೆ ಹೊರಿಸುವುದು ಸಲ್ಲದು.

ನನಗೇನೋ ಕಚೇರಿಯವರೆಗೆ ನಡೆಯುವ ಶಕ್ತಿಯಿತ್ತು, ವೇತನವು ಮರಳಿ ಬಂದಿತು. ನಡೆಯಲಾರದೆ ಮನೆಯಲ್ಲಿಯೇ ಉಳಿದವರ ಪಾಡೇನೆಂಬುದನ್ನು ವಾಚಕರೇ ಆಲೋಚಿಸಬೇಕು.